ಬೆಂಕಿಗೆ ತಾಳುವ ಲೋಹ: ಹೊಸಪೇಟೆ–ಸಂಡೂರು ಪರಿಸರದ ಲೋಹವಿದ್ಯೆ

ಪೀಠಿಕೆ

ವಿಜಯನಗರ ಪರಿಸರದ ಅಧ್ಯಯನಗಳಲ್ಲಿ ದೇವಾಲಯ, ಶಾಸನ, ಕೋಟೆ, ಕಾಲುವೆಗಳಿಗೆ ದೊರೆತ ಪ್ರಾಶಸ್ತ್ಯ ಅಲ್ಲಿನ ಲೋಹವಿದ್ಯೆಗೆ ದೊರೆತಿಲ್ಲ. ಹಂಪಿಗೆ ಬಂದವರು ಕಲ್ಲಿನ ಕೆಲಸವನ್ನು ಬಣ್ಣಿಸುತ್ತಾರೆ. ಆ ಕಲ್ಲನ್ನು ಸೀಳಿದ ಉಳಿ, ಆ ಉಳಿಗೆ ಬೇಕಾದ ಕಬ್ಬಿಣ, ಆ ಕಬ್ಬಿಣವನ್ನು ಕರಗಿಸಿದ ಕುಲುಮೆ ಇವು ಹಿನ್ನೆಲೆಗೆ ಸರಿಯುತ್ತವೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳನ್ನು ಒಳಗೊಂಡ ಈ ಭಾಗ ದೇಶದ ಪ್ರಮುಖ ಅದಿರಿನ ನೆಲೆಗಳಲ್ಲಿ ಒಂದು. ಆದರೆ ಅದಿರಿನ ಇತಿಹಾಸ ಬೇರೆ, ಲೋಹದ ಇತಿಹಾಸ ಬೇರೆ. ಅದಿರು ಭೂಮಿಯ ಕೊಡುಗೆ. ಲೋಹ ಮನುಷ್ಯನ ಕೌಶಲದ ಫಲ.

ಆ ಕೌಶಲದ ಒಂದು ಎಳೆಯನ್ನು, ಅಂದರೆ ಬೆಂಕಿಯನ್ನು ತಾಳಿಕೊಳ್ಳಬೇಕಾದ ಲೋಹದ ಎಳೆಯನ್ನು, ಹಿಡಿದು ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕಮಲಾಪುರದ ಕಮ್ಮಾರರು ಮಾಡುತ್ತಿದ್ದ ಆಲೆಮನೆಯ ಕೊಪ್ಪರಿಗೆ ಇದರ ಒಂದು ತುದಿ. ಇಂದಿನ ವಿಮಾನದ ಎಂಜಿನಿನಲ್ಲಿ ತಿರುಗುವ ಟೈಟಾನಿಯಂ–ಅಲ್ಯೂಮಿನಿಯಂ ಮಿಶ್ರಲೋಹದ ಅಲಗು ಇನ್ನೊಂದು ತುದಿ. ಇವೆರಡರ ನಡುವೆ ನೇರ ವಂಶಾವಳಿಯಿಲ್ಲ. ಆದರೆ ಎರಡೂ ಒಂದೇ ಪ್ರಶ್ನೆಯನ್ನು ಎತ್ತುತ್ತವೆ: ಲೋಹವಿದ್ಯೆ ಒಂದು ನೆಲದಲ್ಲಿ ಉಳಿಯುವುದು ಯಾವುದರಿಂದ, ಅದಿರಿನಿಂದಲೋ ಬಳಕೆಯಿಂದಲೋ?

ಅದಿರಿನ ನೆಲ

ಹೊಸಪೇಟೆಯ ಬದಿಯಿಂದ ಆಗ್ನೇಯಕ್ಕೆ ಹಬ್ಬಿರುವ ಸಂಡೂರು ಬೆಟ್ಟಸಾಲು ಧಾರವಾಡ ಶಿಲಾವರ್ಗಕ್ಕೆ ಸೇರಿದ್ದು. ಸುಮಾರು 270 ಕೋಟಿ ವರ್ಷಗಳಷ್ಟು ಹಳೆಯದಾದ ಈ ಶಿಲೆಗಳಲ್ಲಿ ಪಟ್ಟೆಪಟ್ಟೆಯಾದ ಕಬ್ಬಿಣದ ಶಿಲೆಯೂ, ಹೆಮಟೈಟ್ ಅದಿರೂ, ಮ್ಯಾಂಗನೀಸ್ ಅದಿರೂ ಇವೆ. ಶುದ್ಧ ಹೆಮಟೈಟಿನ ತೂಕದಲ್ಲಿ ನೂರಕ್ಕೆ ಸುಮಾರು 70 ಭಾಗ ಕಬ್ಬಿಣವೇ ಇರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತು ಬರೆದು 1895ರಲ್ಲಿ ಪ್ರಕಟವಾದ ಗ್ರಂಥ ಈ ಬೆಟ್ಟಗಳ ಅದಿರನ್ನು ವಿಸ್ತಾರವಾಗಿ ದಾಖಲಿಸಿತು.

ಫೂಟ್ ಬರುವುದಕ್ಕೆ ಬಹಳ ಹಿಂದೆಯೇ ಸ್ಥಳೀಯರು ಈ ಸಂಪತ್ತನ್ನು ಬಲ್ಲವರಾಗಿದ್ದರು. ತುಂಗಭದ್ರೆಯ ಉತ್ತರ ದಡದಲ್ಲಿ, ಆನೆಗೊಂದಿಗೆ ಸಮೀಪದಲ್ಲಿರುವ ಕಡೆಬಾಗಿಲೆಯಲ್ಲಿ 2000ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಕ್ರಿ.ಪೂ. ಮೊದಲ ಸಹಸ್ರಮಾನದ ಕಬ್ಬಿಣದ ವಸ್ತುಗಳು ದೊರೆತವು. ಶಾರದಾ ಶ್ರೀನಿವಾಸನ್, ಕಾರ್ಲಾ ಸಿನೊಪೋಲಿ, ಕ್ಯಾಥ್ಲೀನ್ ಮಾರಿಸನ್ ಮುಂತಾದವರು ಅವುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಇಂಗಾಲದ ಅಂಶ ಹೆಚ್ಚಿರುವ ಉಕ್ಕು ಇರುವುದನ್ನು ತೋರಿಸಿದರು. ಸಿನೊಪೋಲಿ ಮತ್ತು ಮಾರಿಸನ್ ನಡೆಸಿದ ವಿಜಯನಗರ ಮಹಾನಗರ ಪ್ರದೇಶದ ಸರ್ವೇಕ್ಷಣೆಯಲ್ಲಿಯೂ ಕಬ್ಬಿಣದ ಕಿಟ್ಟ ಬಿದ್ದಿರುವ ನೆಲೆಗಳು ದಾಖಲಾದವು. ರಾಜಧಾನಿ ಕಟ್ಟುವ ಮೊದಲೂ, ಕಟ್ಟುವಾಗಲೂ ಇಲ್ಲಿ ಕುಲುಮೆ ಉರಿಯುತ್ತಿತ್ತು ಎಂಬುದಕ್ಕೆ ಇಷ್ಟು ಸಾಕ್ಷ್ಯ ಸಾಕು.

ಕಮಲಾಪುರದ ಕೊಪ್ಪರಿಗೆ

ಈ ಪರಂಪರೆಯ ಕೊನೆಯ ಘಟ್ಟವನ್ನು ಕುರಿತ ಸ್ಪಷ್ಟ ಬರಹ ದೊರೆಯುವುದು ಡಬ್ಲ್ಯೂ. ಫ್ರಾನ್ಸಿಸ್ ಸಿದ್ಧಪಡಿಸಿದ, 1904ರ ಬಳ್ಳಾರಿ ಜಿಲ್ಲಾ ಗ್ಯಾಸೆಟಿಯರಿನಲ್ಲಿ. ಹಂಪಿಗೆ ಹೊಂದಿಕೊಂಡ ಕಮಲಾಪುರದಲ್ಲಿ ಕಬ್ಬಿನ ಹಾಲನ್ನು ಕಾಯಿಸುವ ದೊಡ್ಡ, ಆಳ ಕಡಿಮೆಯಿರುವ ಕಬ್ಬಿಣದ ಕೊಪ್ಪರಿಗೆಗಳನ್ನು ಮಾಡುವ ಉದ್ಯೋಗ ನಡೆಯುತ್ತಿತ್ತು. ಹೊಸಪೇಟೆಯ ಅಂಚಿನಲ್ಲಿರುವ ಜಂಬುನಾಥನ ಬೆಟ್ಟದ ಅದಿರನ್ನು ಹೇರೆತ್ತುಗಳ ಮೇಲೆ ತಂದು ಕಮಲಾಪುರದ ಕುಲುಮೆಗಳಲ್ಲಿ ಕರಗಿಸಿ ಅದಕ್ಕೆ ಬೇಕಾದ ಕಬ್ಬಿಣವನ್ನು ತೆಗೆಯುವುದು ಹಿಂದಿನ ರೂಢಿ. ಗ್ಯಾಸೆಟಿಯರಿನ ಕಾಲಕ್ಕೆ ಅಗ್ಗದ ಇಂಗ್ಲಿಷ್ ಕಬ್ಬಿಣ ಬಂದು ಅದಿರು ಕರಗಿಸುವ ಕಸುಬು ನಿಂತುಹೋಗಿತ್ತು. ಆದರೆ ಕೊಪ್ಪರಿಗೆ ಮಾಡುವ ಕಸುಬು ಮಾತ್ರ ನಿಂತಿರಲಿಲ್ಲ. ಅದೇ ಕಮ್ಮಾರರು ಹೊರಗಿನ ಕಬ್ಬಿಣವನ್ನು ಬಡಿದು ಕೊಪ್ಪರಿಗೆಗಳನ್ನು ಮಾಡುತ್ತಿದ್ದರು.

ಈ ಒಂದು ಮಾಹಿತಿಯಲ್ಲಿ ಎರಡು ವಿದ್ಯೆಗಳು ಅಡಗಿವೆ. ಅವುಗಳನ್ನು ಪ್ರತ್ಯೇಕವಾಗಿ ನೋಡುವುದು ಅಗತ್ಯ. ಮೊದಲನೆಯದು ಅದಿರಿನಿಂದ ಕಬ್ಬಿಣ ತೆಗೆಯುವ ವಿದ್ಯೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಇದ್ದಿಲು ಮತ್ತು ಕೈತಿದಿಯ ಮಣ್ಣಿನ ಕುಲುಮೆ ಆ ಮಟ್ಟವನ್ನು ಮುಟ್ಟುತ್ತಿರಲಿಲ್ಲ, ಮುಟ್ಟಬೇಕಾಗಿಯೂ ಇರಲಿಲ್ಲ. ಸುಮಾರು 1200 ಡಿಗ್ರಿಯಲ್ಲಿ ಅದಿರಿನ ಕಲ್ಮಶವು ಕಿಟ್ಟವಾಗಿ ಕರಗಿ ಕೆಳಗಿಳಿಯುತ್ತಿತ್ತು. ಇದ್ದಿಲಿನ ಅನಿಲ ಅದಿರಿನ ಆಮ್ಲಜನಕವನ್ನು ಎಳೆದುಕೊಂಡು ಕಬ್ಬಿಣವನ್ನು ಘನರೂಪದಲ್ಲಿಯೇ ಉಳಿಸುತ್ತಿತ್ತು. ಹೀಗೆ ದೊರೆತ, ತೂತುತೂತಾದ ಮುದ್ದೆಯನ್ನು ಕಾಯಿಸಿ ಬಡಿದು ಉಳಿದ ಕಿಟ್ಟವನ್ನು ಹಿಂಡಿ ತೆಗೆಯಬೇಕಿತ್ತು. ಇಂಗಾಲ ಕಡಿಮೆಯಿರುವ ಈ ಕಬ್ಬಿಣ ಮೆದು. ತಗಡಾಗಿ ಬಡಿಯಲು ಒಗ್ಗುವಂಥದು.

ಎರಡನೆಯದು ಬೆಂಕಿಯ ಮೇಲೆ ಕೂರುವ ಪಾತ್ರೆಯನ್ನು ಮಾಡುವ ವಿದ್ಯೆ. ಆಲೆಮನೆಯ ಕೊಪ್ಪರಿಗೆಯ ತಳಕ್ಕೆ ಕಬ್ಬಿನ ಸಿಪ್ಪೆಯ ಉರಿ ನೇರವಾಗಿ ತಾಗುತ್ತದೆ. ಒಳಗಿನ ಹಾಲು ಕುದಿದು ಪಾಕವಾಗಿ ಸುಮಾರು 118 ಡಿಗ್ರಿಗೆ ಬಂದಾಗ ಇಳಿಸದಿದ್ದರೆ ಬೆಲ್ಲ ಸೀಯುತ್ತದೆ. ತಳದ ದಪ್ಪ ಒಂದೇ ಸಮವಾಗಿರದಿದ್ದರೆ ತೆಳುವಾದ ಕಡೆ ಪಾಕ ಹತ್ತಿ ಬಣ್ಣ ಕೆಡುತ್ತದೆ. ಕಾಯುವ ಲೋಹದ ಮೈ ಗಾಳಿಯೊಡನೆ ಕೂಡಿ ಹೊಪ್ಪಳಿಕೆಯಾಗಿ ಉದುರುತ್ತದೆ. ಕಾಯುವ–ಆರುವ ಚಕ್ರದಲ್ಲಿ ಬೆಸುಗೆಗಳು ಬಿಡುತ್ತವೆ. ಇವೆಲ್ಲವನ್ನೂ ಕಣ್ಣಳತೆಯಿಂದ, ಸುತ್ತಿಗೆಯ ಸದ್ದಿನಿಂದ ತೂಗಿ ನೋಡುವ ಕಮ್ಮಾರನಿಗೆ ಬಳಕೆದಾರನಾದ ರೈತ ಹತ್ತಿರದಲ್ಲೇ ಇದ್ದ. ಕೆಟ್ಟ ಕೊಪ್ಪರಿಗೆ ಮರುವರ್ಷ ಅವನ ಬಾಗಿಲಿಗೇ ಹಿಂತಿರುಗುತ್ತಿತ್ತು.

ಆ ರೈತನನ್ನು ಸೃಷ್ಟಿಸಿದ್ದು ವಿಜಯನಗರದ ಕಾಲುವೆಗಳು. ತುರುತ್ತು, ರಾಯ, ಬಸವ ಮೊದಲಾದ ಕಾಲುವೆಗಳ ಕೆಳಗೆ ಹೊಸಪೇಟೆ, ಕಮಲಾಪುರ, ಕಂಪ್ಲಿಗಳಲ್ಲಿ ಕಬ್ಬು ಬೆಳೆಯಿತು. ಕಬ್ಬಿನ ಜೊತೆಗೆ ಆಲೆಮನೆ, ಆಲೆಮನೆಯ ಜೊತೆಗೆ ಕೊಪ್ಪರಿಗೆ ಬಂದವು. ನೀರಾವರಿಯ ಇತಿಹಾಸವೂ ಲೋಹದ ಇತಿಹಾಸವೂ ಇಲ್ಲಿ ಒಂದನ್ನೊಂದು ಹಿಡಿದುಕೊಂಡಿವೆ. 1880ರ ದಶಕದಲ್ಲಿ ಈ ಭಾಗಕ್ಕೆ ರೈಲು ಬಂದದ್ದು ಹೊರಗಿನ ಕಬ್ಬಿಣದ ಸಾಗಣೆಯನ್ನು ಸುಲಭಗೊಳಿಸಿರಬೇಕು. 1882ರ ಮದ್ರಾಸ್ ಅರಣ್ಯ ಕಾಯಿದೆಯ ನಂತರ ಇದ್ದಿಲು ಮೊದಲಿನಷ್ಟು ಸುಲಭವಾಗಿ ದೊರೆತಿರಲಾರದು. ಇವೆರಡೂ ಪೆಟ್ಟು ಬಿದ್ದದ್ದು ಕರಗಿಸುವ ವಿದ್ಯೆಗೆ. ಬಡಿಯುವ ವಿದ್ಯೆ ಉಳಿದದ್ದು ಕಬ್ಬಿನ ಗದ್ದೆ ಉಳಿದದ್ದರಿಂದ. ಅದಿರು ಮೊದಲಿದ್ದಲ್ಲೇ ಇದ್ದರೂ ಕುಲುಮೆ ಆರಿತು. ಬಳಕೆ ಇದ್ದುದರಿಂದ ಅಡಿಗಲ್ಲು ಮಾತ್ರ ಸದ್ದು ಮಾಡುತ್ತಿತ್ತು.

ಸಂಡೂರಿನ ಮ್ಯಾಂಗನೀಸ್

ಕಮಲಾಪುರದ ಕುಲುಮೆಗಳು ಆರಿದ ಕಾಲದಲ್ಲಿಯೇ ಸಂಡೂರು ಸಂಸ್ಥಾನದ ಬೆಟ್ಟಗಳಿಗೆ ಬೇರೊಂದು ಬಗೆಯ ಬೇಡಿಕೆ ಬಂದಿತು. ಇದನ್ನು ಅರಿಯಲು ಅಂದಿನ ಇಂಗ್ಲೆಂಡಿನ ಉಕ್ಕಿನ ಉದ್ಯಮದತ್ತ ಕಣ್ಣು ಹಾಯಿಸಬೇಕು. ಉಕ್ಕಿನಲ್ಲಿ ಗಂಧಕ ಉಳಿದರೆ ಅದು ಕಬ್ಬಿಣದೊಡನೆ ಕೂಡಿ, ಬೇಗ ಕರಗುವ ತೆಳುಪದರವಾಗಿ ಲೋಹದ ಕಣಗಳ ನಡುವೆ ಸೇರಿಕೊಳ್ಳುತ್ತದೆ. ಅಂತಹ ಉಕ್ಕು ತಣ್ಣಗಿದ್ದಾಗ ಗಟ್ಟಿ. ಕೆಂಪಗೆ ಕಾಯಿಸಿ ಬಡಿದರೆ ಸೀಳುತ್ತದೆ. ಮ್ಯಾಂಗನೀಸ್ ಬೆರೆಸಿದರೆ ಗಂಧಕ ಅದರೊಡನೆ ಕೂಡಿ ನಿರುಪದ್ರವಿ ಹರಳಾಗುತ್ತದೆ, ಆಮ್ಲಜನಕವೂ ದೂರವಾಗುತ್ತದೆ. ಪೋರ್ಟೊ ನೊವೊದಲ್ಲಿ ಕಬ್ಬಿಣದ ಕಾರ್ಖಾನೆ ನಡೆಸಿ ಸೋತಿದ್ದ ಜೊಸಾಯಾ ಮಾರ್ಷಲ್ ಹೀತ್ 1839ರಲ್ಲಿ ಉಕ್ಕಿಗೆ ಮ್ಯಾಂಗನೀಸ್ ಬೆರೆಸುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. 1856ರಲ್ಲಿ ಬೆಸೆಮರ್ ವಿಧಾನ ಬಂದಾಗ ರಾಬರ್ಟ್ ಮುಷೆಟ್ ಮ್ಯಾಂಗನೀಸ್ ಇರುವ ಕಬ್ಬಿಣವನ್ನು ಬೆರೆಸಿ ಆ ಉಕ್ಕನ್ನು ಬಳಕೆಗೆ ಯೋಗ್ಯವಾಗಿಸಿದನು. ಹೀಗೆ ಕೆಂಪಗೆ ಕಾದಾಗಲೂ ಒಡೆಯದ ಉಕ್ಕಿಗೆ ಮ್ಯಾಂಗನೀಸ್ ಅನಿವಾರ್ಯವಾಯಿತು.

20ನೆಯ ಶತಮಾನದ ಆರಂಭದಲ್ಲಿ ಭಾರತ ಮತ್ತು ರಷ್ಯಾ ಈ ಅದಿರಿನ ಪ್ರಮುಖ ಪೂರೈಕೆದಾರ ದೇಶಗಳಾಗಿದ್ದವು. ಎಲ್. ಎಲ್. ಫರ್ಮರ್ 1909ರಲ್ಲಿ ಪ್ರಕಟಿಸಿದ ಭಾರತದ ಮ್ಯಾಂಗನೀಸ್ ನಿಕ್ಷೇಪಗಳ ಬೃಹತ್ ಅಧ್ಯಯನದಲ್ಲಿ ಸಂಡೂರಿಗೆ ಸ್ಥಾನವಿದೆ. ಇಲ್ಲಿನ ಅದಿರಿನಲ್ಲಿ ರಂಜಕದ ಅಂಶ ಕಡಿಮೆ. ರಂಜಕ ಉಕ್ಕನ್ನು ತಣ್ಣಗಿದ್ದಾಗಲೇ ಪೆಡಸಾಗಿಸುವುದರಿಂದ ಈ ಗುಣಕ್ಕೆ ಬೆಲೆಯಿತ್ತು. ಬೆಲ್ಜಿಯಂ ಮೂಲದ ಜನರಲ್ ಸಂಡೂರು ಮೈನಿಂಗ್ ಕಂಪನಿ ಶತಮಾನದ ಮೊದಲ ದಶಕದಿಂದ 1950ರ ದಶಕದ ಆರಂಭದವರೆಗೆ ಇಲ್ಲಿ ಗಣಿಗಾರಿಕೆ ನಡೆಸಿತು. ಅದಿರು ಹಡಗನ್ನೇರಿತು, ಅದನ್ನು ಮಿಶ್ರಲೋಹವಾಗಿಸುವ ಕುಲುಮೆ ಮಾತ್ರ ಸಂಡೂರಿನಲ್ಲಿ ಇರಲಿಲ್ಲ. ಜಂಬುನಾಥನ ಬೆಟ್ಟದ ಅದಿರು ಹೇರೆತ್ತಿನ ಮೇಲೆ ಕೆಲವು ಮೈಲಿ ನಡೆದು ಕೊಪ್ಪರಿಗೆಯಾಗುತ್ತಿತ್ತು. ಸಂಡೂರಿನ ಮ್ಯಾಂಗನೀಸ್ ಸಾಗರ ದಾಟಿ, ಉಕ್ಕಿನ ಕಂಬಿಯಾಗಿ, ಯಂತ್ರವಾಗಿ ಮರಳಿ ಬರಬೇಕಾಯಿತು.

ವ್ಯಾಸನಕೆರೆ ಮತ್ತು ತುಂಗಭದ್ರೆ

ಸಂಡೂರು ಸಂಸ್ಥಾನ 1949ರಲ್ಲಿ ಮದ್ರಾಸಿನಲ್ಲಿ ವಿಲೀನಗೊಂಡು, 1953ರ ಅಕ್ಟೋಬರ್ 1ರಂದು ಬಳ್ಳಾರಿಯೊಡನೆ ಮೈಸೂರು ರಾಜ್ಯಕ್ಕೆ ಸೇರಿತು. ಸಂಸ್ಥಾನದ ಘೋರ್ಪಡೆ ಮನೆತನದವರು 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಕಂಪನಿಯನ್ನು ಸ್ಥಾಪಿಸಿದರು. ಆ ಕಂಪನಿ 1960ರ ದಶಕದ ಕೊನೆಗೆ ಹೊಸಪೇಟೆಯ ಬಳಿಯ ವ್ಯಾಸನಕೆರೆಯಲ್ಲಿ ವಿದ್ಯುತ್ ಕುಲುಮೆಯನ್ನು ಹೂಡಿ ಬೀಡುಕಬ್ಬಿಣವನ್ನೂ, ಮುಂದೆ ಸಿಲಿಕಾನ್ ಹಾಗೂ ಮ್ಯಾಂಗನೀಸ್ ಮಿಶ್ರಲೋಹಗಳನ್ನೂ ತಯಾರಿಸಿತು. ಕಮಲಾಪುರದ ಕುಲುಮೆ ಆರಿದ ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ನಂತರ ಈ ಬೆಟ್ಟಗಳ ಅದಿರು ಮತ್ತೆ ಅದೇ ನೆಲದಲ್ಲಿ ಕರಗಿತು. ತಿದಿಯ ಸ್ಥಾನದಲ್ಲಿ ಇಂಗಾಲದ ದಪ್ಪ ವಿದ್ಯುದ್ದಂಡಗಳು ಬಂದವು; ಶಾಖ 1200 ಡಿಗ್ರಿಯಿಂದ 1500 ಡಿಗ್ರಿಯ ಆಸುಪಾಸಿಗೆ ಏರಿತು. ಆದರೆ ಇಂತಹ ಕುಲುಮೆಯ ಉಸಿರು ವಿದ್ಯುತ್ತಿನ ದರ. ಇದ್ದಿಲಿನ ಬೆಲೆ ಹಳೆಯ ಕುಲುಮೆಯನ್ನು ಹೇಗೆ ಆಳಿತೋ ಹಾಗೆಯೇ ವಿದ್ಯುತ್ತಿನ ಬೆಲೆ ಹೊಸದನ್ನು ಆಳಿತು.

ಬಳಕೆಯೇ ವಿದ್ಯೆಯನ್ನು ಕಟ್ಟುತ್ತದೆ ಎಂಬುದಕ್ಕೆ ಬೆಂಕಿಗೆ ನೇರ ಸಂಬಂಧವಿಲ್ಲದ ಇನ್ನೊಂದು ನಿದರ್ಶನವೂ ಇಲ್ಲಿ ಉಲ್ಲೇಖಾರ್ಹ. ತುಂಗಭದ್ರಾ ಅಣೆಕಟ್ಟಿನ ಗೇಟುಗಳಿಗಾಗಿ ಆರಂಭವಾದ ಕಾರ್ಯಾಗಾರ 1960ರಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಂಪನಿಯಾಗಿ, ಜಲಾಶಯದ ಗೇಟುಗಳ ತಯಾರಿಕೆಯಲ್ಲಿ ದೇಶದಲ್ಲಿಯೇ ಹೆಸರು ಮಾಡಿತು. 2015ರಲ್ಲಿ ಅದನ್ನು ಮುಚ್ಚಲು ಕೇಂದ್ರ ಸರಕಾರ ತೀರ್ಮಾನಿಸಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ತುಂಬಿ ಹರಿಯುವ ನೀರಿಗೆ ಅಡ್ಡಲಾಗಿ ಇಳಿಸಬೇಕಾದ ತಾತ್ಕಾಲಿಕ ಉಕ್ಕಿನ ತಡೆಗಳು ಸಿದ್ಧವಾದದ್ದು ಹೊಸಪೇಟೆ ಮತ್ತು ತೋರಣಗಲ್ಲು ಪರಿಸರದ ಕಾರ್ಯಾಗಾರಗಳಲ್ಲಿಯೇ. ಸಂಸ್ಥೆ ಮುಚ್ಚಿದರೂ ಅದನ್ನು ಹುಟ್ಟಿಸಿದ ಪರಿಸರದಲ್ಲಿ ಕೌಶಲ ಪೂರ್ತಿಯಾಗಿ ಬತ್ತಿರಲಿಲ್ಲ.

ಅದಿರಿನ ದಶಕ

ಇದಕ್ಕೆ ವ್ಯತಿರಿಕ್ತವಾದ ಚಿತ್ರ 2000ರ ದಶಕದ್ದು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಸಂಡೂರು ಮತ್ತು ಹೊಸಪೇಟೆಯ ಬೆಟ್ಟಗಳಿಂದ ಅದಿರು ಅದಿರಾಗಿಯೇ ಬಂದರುಗಳತ್ತ ಹರಿಯಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2008 ಮತ್ತು 2011ರ ವರದಿಗಳು ಅಕ್ರಮದ ಸ್ವರೂಪವನ್ನು ದಾಖಲಿಸಿದವು. ರಾಜ್ಯ ಸರಕಾರ 2010ರಲ್ಲಿ ರಫ್ತನ್ನು ತಡೆಯಿತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆನಂತರ ಮಿತಿಗಳೊಂದಿಗೆ ಗಣಿಗಳು ತೆರೆದವು; 2022ರ ಮೇಯಲ್ಲಿ ರಫ್ತಿನ ಮೇಲಿನ ನಿರ್ಬಂಧ ಸಡಿಲವಾಯಿತು. ಇದೇ ಅವಧಿಯಲ್ಲಿ ತೋರಣಗಲ್ಲಿನ ಬೃಹತ್ ಉಕ್ಕಿನ ಕಾರ್ಖಾನೆ ಬೆಳೆಯಿತು. 1970ರಲ್ಲಿ ಸಾರ್ವಜನಿಕ ರಂಗದ ವಿಜಯನಗರ ಉಕ್ಕಿನ ಕಾರ್ಖಾನೆಯಾಗಿ ಘೋಷಿತವಾಗಿ, 1971ರಲ್ಲಿ ಶಂಕುಸ್ಥಾಪನೆಗೊಂಡು, ಎರಡು ದಶಕಗಳ ಕಾಲ ನನೆಗುದಿಗೆ ಬಿದ್ದಿದ್ದ ಕನಸು 1990ರ ದಶಕದಲ್ಲಿ ಖಾಸಗಿ ರಂಗದಲ್ಲಿ ನೆರವೇರಿತು. ಇಂದು ಈ ಬೆಟ್ಟಗಳ ಅದಿರಿಗೆ ಹತ್ತಿರದಲ್ಲಿಯೇ ಕುಲುಮೆಯಿದೆ. ಅದು ಆ ದಶಕದ ಅನುಭವ ಕಲಿಸಿದ ಪಾಠವೂ ಹೌದು.

ದೂರದ ತುದಿ: ಟೈಟಾನಿಯಂ–ಅಲ್ಯೂಮಿನಿಯಂ

ಹೊಸಪೇಟೆಯ ಈ ಅನುಭವ ಹಳೆಯ ಲೋಹಗಳಿಗೆ ಮಾತ್ರ ಸೀಮಿತವಲ್ಲ ಎಂಬುದನ್ನು ಅತ್ಯಂತ ಹೊಸ ಲೋಹವೊಂದರ ಜೊತೆಗಿಟ್ಟು ನೋಡಬಹುದು. ವಿಮಾನದ ಎಂಜಿನಿನಲ್ಲಿ ತೂಕ ಮತ್ತು ಶಾಖ ಎರಡೂ ಶತ್ರುಗಳು. ನಿಕ್ಕಲ್ ಮಿಶ್ರಲೋಹ ಶಾಖವನ್ನು ತಾಳುತ್ತದೆ, ಆದರೆ ಭಾರ. ಸಾಮಾನ್ಯ ಟೈಟಾನಿಯಂ ಮಿಶ್ರಲೋಹ ಹಗುರ, ಆದರೆ ಸುಮಾರು 600 ಡಿಗ್ರಿ ದಾಟಿದರೆ ನಿಲ್ಲದು. ಟೈಟಾನಿಯಂ ಮತ್ತು ಅಲ್ಯೂಮಿನಿಯಂ ಪರಮಾಣುಗಳು ಹೆಚ್ಚುಕಡಿಮೆ ಸಮಪ್ರಮಾಣದಲ್ಲಿ ಕ್ರಮಬದ್ಧವಾಗಿ ಜೋಡಣೆಗೊಂಡ ಸಂಯುಕ್ತ ಸುಮಾರು 750 ಡಿಗ್ರಿಯವರೆಗೆ ಬಲ ಉಳಿಸಿಕೊಳ್ಳುತ್ತದೆ. ಅದರ ಸಾಂದ್ರತೆ ನಿಕ್ಕಲ್ ಮಿಶ್ರಲೋಹದ ಅರ್ಧದಷ್ಟು. ದೋಷವೆಂದರೆ ತಣ್ಣಗಿದ್ದಾಗ ಅದು ಬಾಗದೆ ಒಡೆಯುತ್ತದೆ. ಕ್ರೋಮಿಯಂ ಮತ್ತು ನಯೋಬಿಯಂಗಳನ್ನು ನೂರಕ್ಕೆ ಎರಡೆರಡು ಪರಮಾಣುಗಳಂತೆ ಬೆರೆಸಿ ಆ ದೋಷವನ್ನು ತಗ್ಗಿಸಿದ ಮಿಶ್ರಲೋಹ 2011ರಲ್ಲಿ ಸೇವೆಗೆ ಬಂದ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿನ ಟರ್ಬೈನ್ ಅಲಗುಗಳಲ್ಲಿ ಬಳಕೆಯಾಯಿತು.

ಇದನ್ನು ಕರಗಿಸುವುದೇ ಒಂದು ಸಾಹಸ. ಕರಗಿದ ಟೈಟಾನಿಯಂ ತಾನಿರುವ ಮೂಸೆಯನ್ನೇ ತಿನ್ನುತ್ತದೆ, ಗಾಳಿಯನ್ನೂ ಹೀರುತ್ತದೆ. ಆದ್ದರಿಂದ ನಿರ್ವಾತದಲ್ಲಿ, ನೀರು ಹರಿಸಿ ತಂಪಾಗಿಟ್ಟ ತಾಮ್ರದ ಪಾತ್ರೆಯಲ್ಲಿ ಅದನ್ನು ಕರಗಿಸುತ್ತಾರೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆಯ ಗಟ್ಟಿಪುರದಲ್ಲಿ ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುವುದನ್ನು ದಾಖಲಿಸಿದ್ದಾನೆ. ಬೆಂಕಿಯಲ್ಲಿ ಒಡೆಯದ, ಒಳಗಿನ ಲೋಹವನ್ನು ಕೆಡಿಸದ ಪಾತ್ರೆಯನ್ನು ಹುಡುಕುವ ಅಂದಿನ ಸಮಸ್ಯೆಯೂ ಇಂದಿನ ಸಮಸ್ಯೆಯೂ ಮೂಲದಲ್ಲಿ ಒಂದೇ.

ಈ ಕ್ಷೇತ್ರಕ್ಕೆ ಭಾರತದ ಕೊಡುಗೆ ಸಣ್ಣದಲ್ಲ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಸಂಶೋಧನಾ ಪ್ರಯೋಗಾಲಯದಲ್ಲಿ ದೀಪಂಕರ್ ಬ್ಯಾನರ್ಜಿ ಮತ್ತು ಸಂಗಡಿಗರು ಟೈಟಾನಿಯಂ, ಅಲ್ಯೂಮಿನಿಯಂ, ನಯೋಬಿಯಂಗಳಿಂದಾದ ಹೊಸ ಸಂಯುಕ್ತವೊಂದನ್ನು 1988ರಲ್ಲಿ ವರದಿ ಮಾಡಿದರು. ಅದರಿಂದ ಶಾಖ ತಾಳುವ ಮಿಶ್ರಲೋಹಗಳ ಒಂದು ವರ್ಗವೇ ಹುಟ್ಟಿತು. ಅಮೆರಿಕ, ಜಪಾನ್, ಚೀನಾಗಳಲ್ಲಿಯೂ ಅದರ ಅಧ್ಯಯನ ಬೆಳೆಯಿತು. ಬ್ಯಾನರ್ಜಿಯವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಬೆಂಗಳೂರಿನಲ್ಲಿಯೇ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ರೂಪಿಸುತ್ತಿದ್ದ ಕಾವೇರಿ ಎಂಜಿನಿನ ಯೋಜನೆ 2008ರಲ್ಲಿ ತೇಜಸ್ ಯುದ್ಧವಿಮಾನದಿಂದ ಬೇರ್ಪಟ್ಟಿತು. ತೇಜಸ್ ಅಮೆರಿಕದ ಎಂಜಿನಿನಿಂದಲೇ ಹಾರಿತು. ಮಿಶ್ರಲೋಹದ ಅರಿವು ಇಲ್ಲಿದ್ದರೂ ಅದನ್ನು ಬೇಡುವ ಎಂಜಿನು ಇಲ್ಲಿಯದಾಗಲಿಲ್ಲ. ಕಚ್ಚಾವಸ್ತುವಿನ ಕಥೆಯೂ ಹೀಗೆಯೇ. ಕೇರಳದ ಕರಾವಳಿಯ ಮರಳಿನಲ್ಲಿ ಟೈಟಾನಿಯಂ ಅದಿರು ಹೇರಳವಾಗಿದ್ದರೂ, ಅದರಿಂದ ಲೋಹ ತೆಗೆಯುವ ದೇಶದ ಮೊದಲ ಘಟಕ ಚವರದಲ್ಲಿ ಉದ್ಘಾಟನೆಯಾದದ್ದು 2011ರಲ್ಲಿ.

ಕಮಲಾಪುರದ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಕಮಲಾಪುರದಲ್ಲಿ ಲೋಹ ಹೊರಗಿನದಾದರೂ ಬಳಕೆ ಊರಿನದಾಗಿತ್ತು. ಆದ್ದರಿಂದ ವಿದ್ಯೆ ಉಳಿಯಿತು. ಟೈಟಾನಿಯಂ ವಿಷಯದಲ್ಲಿ ಅದಿರೂ ಅರಿವೂ ನಮ್ಮವಾದರೂ ಬಳಕೆ ಬೇರೆಡೆ ಇದ್ದುದರಿಂದ ವಿದ್ಯೆ ಪ್ರಯೋಗಾಲಯದ ಹೊಸ್ತಿಲನ್ನು ದಾಟಲು ಹೆಣಗಬೇಕಾಯಿತು.

ಉಪಸಂಹಾರ

ಒಟ್ಟಿನಲ್ಲಿ, ಈ ಪರಿಸರದ ಲೋಹವಿದ್ಯೆಯ ಇತಿಹಾಸವನ್ನು ಅದಿರಿನ ಟನ್ನುಗಳಲ್ಲಿ ಅಳೆಯುವುದು ಸಾಧುವಲ್ಲ. ಕಾಲುವೆ ಕಬ್ಬನ್ನು, ಕಬ್ಬು ಕೊಪ್ಪರಿಗೆಯನ್ನು, ಕೊಪ್ಪರಿಗೆ ಕಮ್ಮಾರನನ್ನು ಉಳಿಸಿತು. ಅಣೆಕಟ್ಟು ಗೇಟು ಮಾಡುವವರನ್ನು ಬೆಳೆಸಿತು. ಬರಿಯ ಅದಿರಿನ ವ್ಯಾಪಾರ ನಡೆದ ಕಾಲದಲ್ಲಿ ಹಣ ಹರಿಯಿತೇ ಹೊರತು ವಿದ್ಯೆ ನೆಲೆಗೊಳ್ಳಲಿಲ್ಲ.

ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೊಸಪೇಟೆಯನ್ನು ಕೇಂದ್ರವಾಗುಳ್ಳ ವಿಜಯನಗರ ಜಿಲ್ಲೆ 2021ರಲ್ಲಿ ರೂಪುಗೊಂಡಿತು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಆಡಳಿತದ ಗೆರೆ ಬದಲಾದರೂ ಬೆಟ್ಟ, ಕಾಲುವೆ, ಕುಲುಮೆಗಳ ಸಂಬಂಧ ಈ ಗೆರೆಗಳನ್ನು ಮೀರಿದ್ದು. ಕಿಟ್ಟದ ರಾಶಿಗಳು ರಸ್ತೆಗೋ ಮನೆಗೋ ನೆಲವನ್ನು ಸಮ ಮಾಡುವಾಗ ಸದ್ದಿಲ್ಲದೆ ಅಳಿಯುತ್ತವೆ. ಹಳೆಯ ಕೊಪ್ಪರಿಗೆ ಗುಜರಿಯ ತೂಕಕ್ಕೆ ಹೋಗುತ್ತದೆ. ಉಳಿದ ಕಿಟ್ಟದ ನೆಲೆಗಳನ್ನು ಗುರುತಿಸಿ ನಕ್ಷೆ ಮಾಡುವುದು, ದೊರೆತ ಕೊಪ್ಪರಿಗೆಗಳ ಲೋಹವನ್ನು ಪರೀಕ್ಷಿಸಿ ಅದು ಜಂಬುನಾಥನ ಬೆಟ್ಟದ್ದೋ ಹೊರಗಿನದೋ ಎಂದು ನಿರ್ಧರಿಸುವುದು, ಕಮ್ಮಾರ ಮನೆತನಗಳ ಬಾಯಿಮಾತಿನ ಅರಿವನ್ನು ಬರಹಕ್ಕಿಳಿಸುವುದು ಇವು ಇತಿಹಾಸಕಾರರೂ ಲೋಹಶಾಸ್ತ್ರಜ್ಞರೂ ಕೂಡಿ ಮಾಡಬೇಕಾದ ಕೆಲಸಗಳು. ಗೋಪುರಕ್ಕೆ ಸಲ್ಲುವ ಗೌರವದಲ್ಲಿ ಒಂದು ಪಾಲು ಕುಲುಮೆಗೂ ಸಲ್ಲಬೇಕಾದುದು ನ್ಯಾಯ.